ಜೆಕಿಲ್-ಹೈಡ್ ಪಾಠ: ಒಳಿತು-ಕೆಡುಕಿಗೆ ಐದು ರೂಪಾಯಿ ದಂಡ

ಸ್ಟೀವನ್‌ಸನ್ನನ ‘ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್’ ಕಿರುಕಾದಂಬರಿಯನ್ನು ಈ ವರ್ಷ ಗೈಡ್ ಮುಟ್ಟಿಸದೆ ಪಾಠ ಮಾಡಿ ಮುಗಿಸಿದೆ. ‘ಕೊನೆ ಗೊತ್ತಿರುವ ಕಥೆಯಲ್ಲಿ ಇನ್ನೇನು ಹುಡುಕಿಸುತ್ತೀರಿ ಸರ್?’ ಎಂದು ವಿಭಾಗದಲ್ಲಿ ನಕ್ಕವರೇ ಉತ್ತರಪತ್ರಿಕೆ ನೋಡಿದ ಮೇಲೆ ನನ್ನ ಟಿಪ್ಪಣಿ ಕೇಳಿಕೊಂಡು ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ವಾಸಿ. ಡಾಕ್ಟರ್ ಜೆಕಿಲ್ ತಾನೇ ಔಷಧ ಕುಡಿದು ಹೈಡ್ ಎಂಬ ಕ್ರೂರಿಯಾಗುವ ಕಥಾಸಾರ, ಭಯ-ರಹಸ್ಯದ ಗೋಥಿಕ್ ಲಕ್ಷಣ, ವಿಕ್ಟೋರಿಯಾ ಕಾಲದ ಮಡಿವಂತಿಕೆ ಎಲ್ಲವೂ ನಿಮಗೆ ಗೊತ್ತಿರುವುದೇ. ಅದರ ಗೋಜಿಗೆ ಹೋಗುವುದಿಲ್ಲ.

ಹಿಂದಿನ ವರ್ಷಗಳಲ್ಲಿ ಕೈಸುಟ್ಟುಕೊಂಡದ್ದು ಒಂದೆರಡು ಬಾರಿಯಲ್ಲ. ಮೊದಲು ಸಿನಿಮಾ ತೋರಿಸಿದೆ. ಔಷಧ ಕುಡಿದವನ ಮುಖ ಬದಲಾಗುವುದನ್ನು ಪರದೆಯ ಮೇಲೆ ಒಮ್ಮೆ ಕಂಡವರಿಗೆ ಪುಸ್ತಕದಲ್ಲಿ ಅದಕ್ಕಾಗಿ ಒಂಬತ್ತನೇ ಅಧ್ಯಾಯದವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಮರುವರ್ಷ ಡೀಕನ್ ಬ್ರೋಡಿಯಿಂದ ಶುರು ಮಾಡಿದೆ. ಹಗಲು ಎಡಿನ್‌ಬರೋದ ಗೌರವಸ್ಥ ಬಡಗಿ, ನಗರಸಭೆಯ ಸದಸ್ಯ, ರಾತ್ರಿ ನಕಲಿ ಕೀಲಿಕೈ ಹಿಡಿದು ಮನೆ ಹೊಕ್ಕುವ ಕಳ್ಳ, 1788ರಲ್ಲಿ ಗಲ್ಲಿಗೇರಿದವನು. ಅವನ ಕೈಯಿಂದಾದ ಕಪಾಟು ಬಾಲಕ ಸ್ಟೀವನ್‌ಸನ್ನನ ಕೋಣೆಯಲ್ಲಿತ್ತು. ತರಗತಿ ಬಾಯಿಬಿಟ್ಟುಕೊಂಡು ಕೇಳಿತು, ನಿಜ. ಆದರೆ ಆಮೇಲೆ ಜೆಕಿಲ್‌ನನ್ನೂ ಕಳ್ಳರ ಸಾಲಿಗೆ ಸೇರಿಸಿ ಪುಸ್ತಕ ಮುಚ್ಚಿತು. ಟಿಪ್ಪಣಿಸಹಿತ ಆವೃತ್ತಿಯೊಂದಕ್ಕೆ ಸ್ವಂತ ದುಡ್ಡು ಸಾವಿರದ ಚಿಲ್ಲರೆ ಸುರಿದೆ. ಅದರಿಂದ ನಾನು ಜಾಣನಾದೆ, ತರಗತಿ ಆಗಲಿಲ್ಲ.

ಈ ಬಾರಿ ಖರ್ಚು ಕಡಿಮೆ. ಹಕ್ಕುಸ್ವಾಮ್ಯ ಮುಗಿದ ಕೃತಿ, ಪಠ್ಯ ಪುಕ್ಕಟೆಯಾಗಿ ಸಿಗುತ್ತದೆ. ಸುಮಾರು ಇಪ್ಪತ್ತೈದು ಸಾವಿರ ಪದ. ಎರಡೂ ಮಗ್ಗುಲು ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದರೆ ಪ್ರತಿಯೊಂದಕ್ಕೆ ನೂರು ರೂಪಾಯಿಯೊಳಗೆ ಬಂತು. 1886ರ ಜನವರಿಯಲ್ಲಿ ಇದು ಮೊದಲು ಹೊರಬಂದಾಗಲೂ ಒಂದು ಶಿಲಿಂಗ್‌ನ ಅಗ್ಗದ ಪುಸ್ತಕವೇ. ಆರು ತಿಂಗಳಲ್ಲಿ ನಲವತ್ತು ಸಾವಿರದಷ್ಟು ಪ್ರತಿ ಖರ್ಚಾಯಿತು.

ಸ್ಪೈರಲ್ ಹಾಕಿಸಿದ್ದು ಎಂಟು ಅಧ್ಯಾಯಕ್ಕೆ ಮಾತ್ರ. ಕೊನೆಯ ಎರಡು ಅಧ್ಯಾಯ, ಅಂದರೆ ಜೆಕಿಲ್‌ನ ಗೆಳೆಯ ವೈದ್ಯ ಲ್ಯಾನಿಯನ್ನನ ಹೇಳಿಕೆ, ಜೆಕಿಲ್‌ನ ಹೇಳಿಕೆ ಎರಡನ್ನೂ ಬೇರೆ ಬೇರೆ ಲಕೋಟೆಗೆ ಹಾಕಿ ಅರಗು ಒತ್ತಿ ನನ್ನ ಕಪಾಟಿನಲ್ಲಿಟ್ಟೆ. ಕಥೆಯಲ್ಲಿ ಅವು ಇರುವುದೂ ಹಾಗೆಯೇ. ಜೆಕಿಲ್ ಸಾಯುವವರೆಗೆ ಅಥವಾ ಕಾಣೆಯಾಗುವವರೆಗೆ ತೆರೆಯಬಾರದೆಂದು ಬರೆದ ಲಕೋಟೆಯನ್ನು ವಕೀಲ ಅಟರ್ಸನ್ ಆಸೆ ಹತ್ತಿಕ್ಕಿಕೊಂಡು ತಿಜೋರಿಗೆ ಸೇರಿಸುತ್ತಾನೆ. ಹೈಡ್ ಯಾರು ಎಂಬುದು ಎಲ್ಲರಿಗೂ ಗೊತ್ತು, ಆ ಪ್ರಶ್ನೆಯನ್ನು ನಾನು ಎತ್ತಲೇ ಇಲ್ಲ. ಯಾರಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಾಯಿತು, ಏಕೆ ಬಾಯಿಬಿಡಲಿಲ್ಲ? ಈ ಮೂರು ಕಾಲಂಗಳ ಕೋಷ್ಟಕವನ್ನು ತುಂಬಿಸುತ್ತ ಹೋದೆ, ಅಷ್ಟೇ.

ಮೊದಲ ಅಧ್ಯಾಯದಲ್ಲೇ ನೋಡಿ. ಬೆಳಗಿನ ಜಾವ ಮೂರು ಗಂಟೆಗೆ ಹೈಡ್ ಪುಟ್ಟ ಹುಡುಗಿಯನ್ನು ತುಳಿದುಕೊಂಡು ಹೋಗುತ್ತಾನೆ. ಪರಿಹಾರ ನೂರು ಪೌಂಡು: ಹತ್ತು ಚಿನ್ನದಲ್ಲಿ, ಉಳಿದದ್ದು ಚೆಕ್ಕು. ಚೆಕ್ಕಿನ ಮೇಲಿದ್ದ ಹೆಸರನ್ನು, ಇದನ್ನೆಲ್ಲ ಕಣ್ಣಾರೆ ಕಂಡ ಅಟರ್ಸನ್ನನ ಬಂಧು ಎನ್‌ಫೀಲ್ಡ್ ಹೇಳುವುದಿಲ್ಲ. ಅಟರ್ಸನ್ ಕೇಳುವುದೂ ಇಲ್ಲ, ಏಕೆಂದರೆ ಅದು ಜೆಕಿಲ್‌ನದೆಂದು ಅವನಿಗೆ ಆಗಲೇ ಗೊತ್ತು. ಈ ಮಾತು ಇನ್ನೆಂದೂ ಎತ್ತುವುದು ಬೇಡವೆಂದು ಇಬ್ಬರೂ ಕೈಕುಲುಕುತ್ತಾರೆ. ಮುಂದೆ ಕೊಲೆಗಾರನಾದ ಹೈಡ್‌ನ ಕೈಬರಹಕ್ಕೂ ಜೆಕಿಲ್‌ನ ಕೈಬರಹಕ್ಕೂ ಹೋಲಿಕೆ ಇದೆ, ಓರೆ ಮಾತ್ರ ಬೇರೆ ಎಂದು ಗುಮಾಸ್ತ ಗೆಸ್ಟ್ ಹಿಡಿದುಕೊಟ್ಟಾಗ, ಅವನಿಗೂ ಬಾಯಿ ಮುಚ್ಚಿಕೊಂಡಿರುವಂತೆ ಸೂಚನೆ, ಚೀಟಿ ಮತ್ತೆ ತಿಜೋರಿಗೆ. ಜೆಕಿಲ್‌ನ ಬಟ್ಲರ್ ಪೂಲ್ ವಾರವಿಡೀ ಮುಚ್ಚಿದ ಕೋಣೆಯೊಳಗಿನ ದನಿ ಕೇಳಿಸಿಕೊಂಡು ಸುಮ್ಮನಿದ್ದವನು. ಕೋಷ್ಟಕ ಹಾಳೆ ತುಂಬಿ ಹಿಂಬದಿಗೆ ಹೋಯಿತು. ‘ಬಾಗಿಲು ಮುಚ್ಚುವುದರಲ್ಲಿ ಹೈಡ್‌ಗಿಂತ ಇವರೇ ಪಳಗಿದವರು ಸರ್’ ಎಂದಳು ಹಿಂದಿನ ಬೆಂಚಿನ ಹುಡುಗಿ. ಆ ವಾಕ್ಯಕ್ಕಾಗಿಯೇ ನಾನು ಇಷ್ಟು ವರ್ಷ ಒದ್ದಾಡಿದ್ದು.

ಇನ್ನೊಂದು ಕಟ್ಟಳೆ ಹಾಕಿದ್ದೆ. ಲಕೋಟೆ ಒಡೆಯುವವರೆಗೆ ‘ಒಳಿತು’, ‘ಕೆಡುಕು’ ಎಂದವರು ಐದು ರೂಪಾಯಿ ದಂಡ ಕಟ್ಟಬೇಕು. ಇನ್ನೂರಕ್ಕೂ ಮಿಕ್ಕಿ ಕೂಡಿತು, ಟೀ ಮತ್ತು ಖಾರದ ಮಂಡಕ್ಕಿಗೆ ಸಾಕಾಯಿತು. ಇದರ ಫಲ ಕಂಡದ್ದು ಹತ್ತನೇ ಅಧ್ಯಾಯದಲ್ಲಿ. ಜೆಕಿಲ್ ಒಳ್ಳೆಯ ಅರ್ಧ, ಹೈಡ್ ಕೆಟ್ಟ ಅರ್ಧ ಎಂದು ಗೈಡುಗಳು ಉರು ಹೊಡೆಸುತ್ತವಲ್ಲ, ಜೆಕಿಲ್ ತಾನೇ ಬರೆದದ್ದು ಬೇರೆ. ಹೈಡ್ ಅಪ್ಪಟ ಕೆಡುಕು. ಜೆಕಿಲ್ ಮಾತ್ರ ಮೊದಲಿನಂತೆಯೇ ಎರಡೂ ಬೆರೆತ ಹಳೆಯ ಮನುಷ್ಯ. ಔಷಧ ಒಳ್ಳೆಯವನನ್ನು ಬೇರ್ಪಡಿಸಲೇ ಇಲ್ಲ. ಪದಗಳಿಗೆ ಬೇಲಿ ಹಾಕಿದ್ದರಿಂದ ಇದು ಹುಡುಗರ ಕಣ್ಣಿಗೆ ತಟ್ಟನೆ ಬಿತ್ತು. ಎಂ.ಎ. ಓದಿದವರೂ ಇಲ್ಲಿ ಎಡವುವುದನ್ನು ಕಂಡಿದ್ದೇನೆ.

ನಡುವೆ ಒಂದು ಸಂಜೆ ಕೈಬರಹದ ಆಟ ಆಡಿದೆವು. ತನ್ನದೇ ಅಕ್ಷರವನ್ನು ಹಿಂದಕ್ಕೆ ವಾಲಿಸಿ ಹೈಡ್‌ನ ಸಹಿ ಸೃಷ್ಟಿಸಿದೆ ಎನ್ನುತ್ತಾನೆ ಜೆಕಿಲ್. ಎಲ್ಲರೂ ಇಂಗ್ಲಿಷಿನಲ್ಲಿ ಒಂದೇ ಸಾಲನ್ನು ಎರಡು ಓರೆಯಲ್ಲಿ ಬರೆದು ಚೀಟಿ ಬೆರೆಸಿದರು. ಹತ್ತರಲ್ಲಿ ಆರೇಳು ಜೋಡಿ ಸಿಕ್ಕವು. ಕನ್ನಡದಲ್ಲಿ ಬರೆಸಿದಾಗ ಹೆಚ್ಚುಕಡಿಮೆ ಎಲ್ಲ ಸಿಕ್ಕಿಬಿದ್ದರು, ನಮ್ಮ ಗುಂಡಕ್ಷರ ಎಷ್ಟು ವಾಲಿಸಿದರೂ ತಲೆಕಟ್ಟು ಗುರುತು ಹೇಳಿಬಿಡುತ್ತದೆ. ಪಾಠಕ್ಕೆ ಇದರ ಅಗತ್ಯವಿರಲಿಲ್ಲ, ಮಜವಾಗಿತ್ತು.

ತಾರೀಖಿನ ಜಗಳ ಇನ್ನೂ ಮುಗಿದಿಲ್ಲ. ಜೆಕಿಲ್‌ನ ಪತ್ರ ಜನವರಿ 9ರ ಸಂಜೆಯ ಟಪಾಲಿನಲ್ಲಿ ಬಂತೆನ್ನುತ್ತಾನೆ ಲ್ಯಾನಿಯನ್. ಪತ್ರದ ಮೇಲಿರುವುದು ಡಿಸೆಂಬರ್ 10. ಲಂಡನ್ನಿನೊಳಗೇ ಒಂದು ಕಾಗದಕ್ಕೆ ತಿಂಗಳು ಬೇಕೆ? ಮೊದಲೇ ಬರೆದಿಟ್ಟಿದ್ದ ಎನ್ನುತ್ತದೆ ಒಂದು ಪಕ್ಷ. ರೀಜೆಂಟ್ಸ್ ಪಾರ್ಕಿನಲ್ಲಿ ಹಠಾತ್ತನೆ ಹೈಡ್ ಆಗಿಬಿಟ್ಟ ಮೇಲೆ ಹೋಟೆಲಿನಲ್ಲಿ ಕುಳಿತು ಬರೆದ ಪತ್ರವದು, ಹಾಗಾಗಿ ಆ ವಾದ ನಿಲ್ಲುವುದಿಲ್ಲ. ಸ್ಟೀವನ್‌ಸನ್ ಮೊದಲ ಕರಡು ಸುಟ್ಟು ಕೆಲವೇ ದಿನಗಳಲ್ಲಿ ಮತ್ತೆ ಬರೆದನೆಂದು ಮನೆಯವರು ಹೇಳಿದ್ದಾರಲ್ಲ, ಆ ಅವಸರದ ಕೈತಪ್ಪು ಎಂದು ನನ್ನ ತೀರ್ಮಾನ. ಹುಡುಗರು ಒಪ್ಪಿಲ್ಲ.

ಮಾಡಿನೋಡುವವರಿಗೆ ಎರಡು ಮಾತು. ಹನ್ನೆರಡು ಜನಕ್ಕಿಂತ ಹೆಚ್ಚಾದರೆ ಕೋಷ್ಟಕ ಗದ್ದಲವಾಗುತ್ತದೆ, ಗುಂಪು ಒಡೆಯಿರಿ. ಎರಡು ಲಕೋಟೆಗಳನ್ನು ಒಂದೇ ದಿನ ಒಡೆಯಬೇಡಿ. ನಡುವೆ ನಾನು ಹುಡುಗರಿಂದ ಒಂದು ಪುಟ ಏನೋ ಬರೆಸುತ್ತೇನೆ. ಏನೆಂಬುದು ಸದ್ಯಕ್ಕೆ ನನ್ನ ಕಪಾಟಿನಲ್ಲೇ ಇರಲಿ, ಮುಂದಿನ ವರ್ಷವೂ ಇದೇ ಪಾಠ ನನ್ನ ಪಾಲಿಗಿದೆ.