ಪುಟಾಣಿ ಬುಡ್ಡಿದೀಪದ ತಿರುಪು ಬಿಟ್ಟಿದ್ದು ಹೀಗೆ

ತೀರ್ಥಹಳ್ಳಿಯ ಅಜ್ಜಿ ಮನೆ ಅಟ್ಟದಲ್ಲಿ ಸಿಕ್ಕಿದ, ಗೇಣುದ್ದವೂ ಇಲ್ಲದ ಸೀಮೆಎಣ್ಣೆ ದೀಪದಿಂದ ನನ್ನ ಸಂಗ್ರಹ ಶುರುವಾಯಿತು. ಈಗ 9 ಇವೆ. ಮೊದಲನೆಯದೇ ಜಾಸ್ತಿ ಕಾಡಿಸಿದ್ದು. ಬತ್ತಿ ಏರಿಸುವ ತಿರುಪು ಅಲ್ಲಾಡಲೇ ಇಲ್ಲ. ಇಕ್ಕಳ ಹಾಕಿದೆ, ಅಂಚು ಸವೆಯಿತು ಅಷ್ಟೇ. ದಡ್ಡತನ!

ಹಳೇ ಸೀಮೆಎಣ್ಣೆ ಒಳಗೇ ಒಣಗಿ ಅಂಟಾಗಿತ್ತು. ಗಾಜು ತೆಗೆದಿಟ್ಟು, ಹಿತ್ತಾಳೆ ಬರ್ನರನ್ನು ಮಾತ್ರ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ 20 ನಿಮಿಷ ಕುದಿಸಿದೆ. ನೀರು ಕಷಾಯದ ಬಣ್ಣಕ್ಕೆ ತಿರುಗಿತು. ಆರಿದ ಮೇಲೆ ತಿರುಗಿಸಿದರೆ, ಕಟಕ್! ಕರಕಲಾದ ಬತ್ತಿಯನ್ನು ಚಿಮುಟದಿಂದ ಎಳೆದು ಹೊಸದು ಹಾಕಿದೆ.

ಹುಣಸೆಹಣ್ಣಿನಲ್ಲಿ ತಿಕ್ಕಿ ಅಂತ ಅತ್ತೆ ಹೇಳಿದರು. ನಾನು ತಿಕ್ಕಲಿಲ್ಲ. ಫಳಫಳ ಹೊಳೆದರೆ ಹಳೇ ದೀಪದ ಕಳೆಯೇ ಹೋಗುತ್ತದೆ, ಅಲ್ವಾ? ನಮ್ಮ ಮಳೆಗಾಲದಲ್ಲಿ ಕಿಲುಬು ಬೇಗ ಹಿಡಿಯುವುದರಿಂದ, ಒಲೆಯ ಪಕ್ಕ ಎರಡು ದಿನ ಒಣಗಿಸಿಯೇ ಕಪಾಟಿಗೆ ಇಟ್ಟೆ.