ಬೇರೆ ಬೇರೆ ತೂಕದವರ ಬಲವನ್ನು ಹೋಲಿಸುವ ಬಗೆ
ನಮ್ಮ ಹಾಸನದ ಜಿಮ್‌ಗಳಲ್ಲಿ ಎತ್ತಿದ ಭಾರವನ್ನು ದೇಹತೂಕದಿಂದ ನೇರವಾಗಿ ಭಾಗಿಸಿ ಬಲವನ್ನು ಹೋಲಿಸುವ ಗೆಳೆಯರು, ಅದರ ಬದಲು ದೇಹತೂಕವನ್ನು ಅದರಿಂದಲೇ ಗುಣಿಸಿ, ಬಂದ ಗುಣಲಬ್ಧದ ಘನಮೂಲ ಕಂಡುಹಿಡಿದು, ಎತ್ತಿದ ಭಾರವನ್ನು ಆ ಘನಮೂಲದಿಂದ ಭಾಗಿಸಿ ನೋಡಿ. ಸ್ನಾಯುವಿನ ಬಲವು ಅದರ ಅಡ್ಡಛೇದದ ವಿಸ್ತೀರ್ಣವನ್ನೂ ತೂಕವು ಇಡೀ ಗಾತ್ರವನ್ನೂ ಅನುಸರಿಸುವುದರಿಂದ, ದೇಹ ದೊಡ್ಡದಾದಂತೆ ಬಲವು ತೂಕದಷ್ಟು ವೇಗವಾಗಿ ಏರುವುದಿಲ್ಲ. 60 ಕೆಜಿ ತೂಕದವರು 90 ಕೆಜಿ ಎತ್ತಿದರೆ, 90 ಕೆಜಿ ತೂಕದವರು ಅವರಿಗೆ ಸಮನಾಗಲು ಸುಮಾರು 118 ಕೆಜಿ ಎತ್ತಿದರೆ ಸಾಕು; ಅವರಿಂದ 135 ಕೆಜಿಯನ್ನು ನಿರೀಕ್ಷಿಸುವುದು ಅನ್ಯಾಯವೆಂದೇ ನನ್ನ ಭಾವನೆ. ಆದರೆ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚಿರುವವರಲ್ಲಿ ಈ ಲೆಕ್ಕ ತಪ್ಪುತ್ತದೆ, ಏಕೆಂದರೆ ಕೊಬ್ಬು ತೂಕವನ್ನು ಕೂಡಿಸುತ್ತದೆಯೇ ಹೊರತು ಸ್ನಾಯುವಿನಂತೆ ಎಳೆಯುವುದಿಲ್ಲ; ಅಂಥವರು ಕೊಬ್ಬನ್ನು ಕಳೆದು ಉಳಿಯುವ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಕೈಕಾಲುಗಳ ಉದ್ದದಲ್ಲಿ ಬಹಳ ಅಂತರವಿದ್ದಾಗಲೂ, ಮುಖ್ಯವಾಗಿ ನೆಲದ ಮೇಲಿನ ಭಾರವನ್ನು ಹಿಡಿದೆತ್ತಿ ನೇರವಾಗಿ ನಿಲ್ಲುವ ಡೆಡ್‌ಲಿಫ್ಟ್‌ನಲ್ಲಿ, ಹೋಲಿಕೆ ಅಷ್ಟು ನಿಖರವಾಗಿರುವುದಿಲ್ಲ.