ಡೈಮಂಡ್‌ನಲ್ಲಿ ಮುಳುಗಿದ ಸ್ಲ್ಯಾಮ್

ಬ್ರಿಡ್ಜ್ ಇಸ್ಪೀಟಾಟ. ಕೈಯಲ್ಲಿ ದೊಡ್ಡ ಎಲೆಗಳ 20 ಪಾಯಿಂಟ್. 1 ಸ್ಪೇಡ್ ಅಂದೆ, ಪಾರ್ಟ್ನರ್ 3ಕ್ಕೆ ಏರಿಸಿದರು. ಸೀದಾ 4 ನೋ ಟ್ರಂಪ್ ಕೇಳಿದೆ, ಅಂದರೆ ಎಕ್ಕ ಎಷ್ಟಿವೆ ಅಂತ ಕೇಳುವ ಬ್ಲ್ಯಾಕ್‌ವುಡ್ ಬಿಡ್. ಅವರ ಹತ್ತಿರ ಎರಡು ಎಕ್ಕ. ಹೊರಗಿರೋದು ಒಂದೇ ಅಲ್ವಾ ಅಂತ 6 ಸ್ಪೇಡ್‌ಗೆ, ಅಂದರೆ 13 ಟ್ರಿಕ್‌ಗಳಲ್ಲಿ (ಸುತ್ತುಗಳಲ್ಲಿ) 12 ಗೆಲ್ಲಲೇಬೇಕಾದ ಸ್ಲ್ಯಾಮ್‌ಗೆ ಹೋದೆ. ಎದುರಾಳಿ ಡೈಮಂಡ್ ಎಕ್ಕ ಇಳಿಸಿದರು, ಹಿಂದೆಯೇ ರಾಜ. ನಮ್ಮಿಬ್ಬರಲ್ಲೂ ಎರಡೆರಡು ಸಣ್ಣ ಡೈಮಂಡ್! ಎರಡು ಟ್ರಿಕ್ ಹೋಯಿತು, ಸ್ಲ್ಯಾಮ್ ಮುಳುಗಿತು.

ಬ್ಲ್ಯಾಕ್‌ವುಡ್ ಎಕ್ಕಗಳನ್ನು ಎಣಿಸುತ್ತದೆ, ತೂತು ಯಾವ ಸೂಟ್‌ನಲ್ಲಿದೆ ಅಂತ ಹೇಳುವುದಿಲ್ಲ. ಈಗ ಎರಡು ಸಣ್ಣ ಎಲೆಗಳ ಸೂಟ್ ಇದ್ದರೆ ಮೊದಲು ಕ್ಯೂ ಬಿಡ್ ಮಾಡುತ್ತೇನೆ. ಅಂದರೆ ಎಕ್ಕ, ರಾಜ, ಒಂಟಿ ಎಲೆ ಅಥವಾ ಪೂರ್ತಿ ಖಾಲಿ ಇರುವ ಸೂಟ್‌ಗಳನ್ನು ಕೆಳಗಿನಿಂದ (ಕ್ಲಬ್, ಡೈಮಂಡ್, ಹಾರ್ಟ್ ಕ್ರಮದಲ್ಲಿ) ತೋರಿಸುತ್ತಾ ಹೋಗೋದು. ದಾಟಿ ಹೋದ ಸೂಟ್‌ನಲ್ಲಿ ಹಿಡಿತ ಇಲ್ಲ ಅಂತ ಅರ್ಥ. ಹೋದ ವಾರ ಇಂಥದ್ದೇ ಕೈ ಬಂತು. 4 ಕ್ಲಬ್ ಅಂದೆ. ಪಾರ್ಟ್ನರ್ ಡೈಮಂಡ್ ದಾಟಿ 4 ಸ್ಪೇಡ್ ಅಂದರು. ಪಾಸ್ ಮಾಡಿದೆ. ಸರಿಯಾಗಿ 11 ಟ್ರಿಕ್ ಬಂತು, ಸ್ಲ್ಯಾಮ್‌ಗೆ ಒಂದು ಕಡಿಮೆ.